ಏಳು ಬಕೆಟ್ ನೀರು

ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ ನಾಲಿಗೆಯಕ್ಕ ತೊಟ್ಟಿಗೆ ಏಳು ಬಕೆಟ್ ನೀರು ಹಾಕಲು ಹೇಳಿದಳು. ಅಂದು ಬುಧವಾರ. ಅವಳು ಸಕ್ಕರೆ ಬಿಟ್ಟು ಎಪ್ಪತ್ತೊಂದು ದಿನವಾಗಿತ್ತು.

“ಎಷ್ಟಂದ್ರಿ?” ಎಂದ ತೊಟ್ಟಿಯಣ್ಣ. ಒಂದು ಬಕೆಟ್ ತುಂಬಿಸಿ ಆಗಲೇ ಕೈಯಲ್ಲಿ ಹಿಡಿದಿದ್ದ.

“ಏಳು.”

“ಅಕ್ಕಾ, ಏಳು ಹಾಕಿದ್ರೆ ನಾನೇ ಇಳಿದು ಸ್ನಾನ ಮಾಡ್ಬಹುದು ಇದ್ರಲ್ಲಿ.”

“ನೀನಿಳಿದ್ರೆ ಸಿಹಿ ಇನ್ನೂ ಜಾಸ್ತಿಯಾಗುತ್ತೆ. ಎಂಟು ಹಾಕ್ಬೇಕಾಗುತ್ತೆ.”

ತೊಟ್ಟಿಯಣ್ಣ ಟೀಗೆ ನಾಲ್ಕು ಚಮಚ ಸಕ್ಕರೆ ಹಾಕಿಕೊಳ್ಳುವವನು. ನಕ್ಕ. ಒಂದಾದ ಮೇಲೊಂದು ಏಳು ಬಕೆಟ್ ಸುರಿದ. ಪ್ರಶ್ನೆ ಕೇಳುವುದು ಅವನ ಕೆಲಸವಾಗಿರಲಿಲ್ಲ.

ಅದು ಕಿತ್ತಳೆ ಶರಬತ್ತಿನ ಕಾರ್ಖಾನೆ. ದಿನಕ್ಕೆ ಒಂದು ತೊಟ್ಟಿ, ತೊಟ್ಟಿಗೆ ಐನೂರು ಲೀಟರು. ಕೆಲಸದ ಕ್ರಮ ಹೀಗಿತ್ತು: ಸಕ್ಕರೆ ಮತ್ತು ರಸ ಕುದಿದು ಆರಿದ ಮೇಲೆ ಅಳತೆಯವಳು ಬಂದು ಒಂದು ಹನಿಯನ್ನು ಗಾಜಿನ ಮೇಲಿಟ್ಟು, ಮಾಪಕವನ್ನು ಕಿಟಕಿಯತ್ತ ಹಿಡಿದು ಸಕ್ಕರೆಯ ಅಂಶ ಓದುತ್ತಾಳೆ. ಅರವತ್ತಾರು ಬರಬೇಕು. ಬಂದರೆ ಪುಸ್ತಕದಲ್ಲಿ ಬರೆದು ಹೋಗುತ್ತಾಳೆ. ಆಮೇಲೆ ನಾಲಿಗೆಯಕ್ಕ. ಒಂದು ಚಮಚ ಶರಬತ್ತಿಗೆ ನಾಲ್ಕು ಚಮಚ ನೀರು ಬೆರೆಸಿ, ಕಣ್ಣು ಮುಚ್ಚಿ, ನಾಲಿಗೆಯ ಮೇಲೆ ಹೊರಳಿಸಿ, “ಅರ್ಧ” ಎಂದೋ “ಒಂದು” ಎಂದೋ ಹೇಳುತ್ತಾಳೆ. ಅಷ್ಟು ಬಕೆಟ್ ಕಾಯಿಸಿ ಆರಿಸಿದ ನೀರು ಬೀಳುತ್ತದೆ. ನಂತರ ಬಾಟಲಿ.

ಹಣ್ಣು ದಿನಕ್ಕೊಂದು ತೆರ ಇರುವುದರಿಂದ ಕೊನೆಯ ಮಾತು ನಾಲಿಗೆಯದೇ ಆಗಿರಬೇಕೆಂದು ಈಗಿನ ಧಣಿಯ ತಂದೆ ನಿಯಮ ಮಾಡಿಟ್ಟಿದ್ದರು. ನೀರು ಬಿದ್ದ ಮೇಲೆ ಇನ್ನೊಮ್ಮೆ ಅಳೆಯುವ ಪದ್ಧತಿ ಇರಲಿಲ್ಲ. ಇಪ್ಪತ್ತೆರಡು ವರ್ಷಗಳಲ್ಲಿ ನಾಲಿಗೆಯಕ್ಕ ಒಂದು ಬಕೆಟ್ಟಿನ ಮೇಲೆ ಹೋದವಳಲ್ಲ. ಅಳೆಯಬೇಕೆಂದು ಯಾರಿಗೂ ಹೊಳೆದಿರಲಿಲ್ಲ.

ಅವಳು ಸಕ್ಕರೆ ಬಿಟ್ಟಿದ್ದಕ್ಕೆ ಕಾರಣ ಒಂದು ಗುಂಡಿ. ಅವಳ ಗಂಡ ದರ್ಜಿ. ಮನೆಯ ಮುಂದಿನ ಕೋಣೆಯಲ್ಲೇ ಅವನ ಹೊಲಿಗೆ ಯಂತ್ರ. ಕೋಟಿನ ಗುಂಡಿಯೊಂದು ಹಾರಿ ಅವಳ ಬೂಟಿನೊಳಗೆ ಬಿದ್ದಿತ್ತು. ಅವಳು ಅದೇ ಬೂಟು ಹಾಕಿಕೊಂಡು ಕಾರ್ಖಾನೆಗೆ ಹೋಗಿ, ಒಂಬತ್ತು ಗಂಟೆ ಇದ್ದು, ನಡೆದುಕೊಂಡೇ ಮನೆಗೆ ಬಂದಳು. ಸಂಜೆ ಬೂಟು ಬಿಚ್ಚಿದಾಗ ಗುಂಡಿ ನೆಲಕ್ಕೆ ಬಿತ್ತು. ಅಂಗಾಲಿನಲ್ಲಿ ಗುಂಡಿಯಷ್ಟೇ ದುಂಡಗಿನ ಬೊಬ್ಬೆ. ನಾಲ್ಕು ತೂತುಗಳ ಗುರುತೂ ಇತ್ತು.

“ಇಡೀ ದಿನ ಇದರ ಮೇಲೆ ನಡೆದ್ಯಾ?” ಎಂದ ಗಂಡ.

“ಗೊತ್ತೇ ಆಗ್ಲಿಲ್ಲ ರೀ.”

ಮರುದಿನವೇ ಅವಳು ಆಸ್ಪತ್ರೆಗೆ ಹೋದಳು.

ಡಾಕ್ಟರು ಅವಳ ಬಲಗಾಲಿನ ಹತ್ತು ಜಾಗಗಳಿಗೆ ನೈಲಾನ್ ಎಳೆಯೊಂದನ್ನು ಮುಟ್ಟಿಸಿ, “ಗೊತ್ತಾದಾಗ ಹೂಂ ಅನ್ನಿ” ಎಂದರು. ಅವಳು ಆರು ಸಲ ಹೂಂ ಎಂದಳು. ರಕ್ತದಲ್ಲಿನ ಸಕ್ಕರೆಯ ಮೂರು ತಿಂಗಳ ಸರಾಸರಿ ಒಂಬತ್ತು ಪಾಯಿಂಟ್ ನಾಲ್ಕು ಇತ್ತು. ಆರೂವರೆಯ ಆಸುಪಾಸಿಗೆ ಇಳಿಯಬೇಕು ಎಂದರು ಡಾಕ್ಟರು.

“ಏನೇನು ತಿಂತೀರಿ ದಿನಾ?”

ಅವಳು ಪ್ರಾಮಾಣಿಕವಾಗಿ ಹೇಳಿದಳು. ಬೆಳಿಗ್ಗೆ ಜಾಮ್ ಹಚ್ಚಿದ ಬ್ರೆಡ್ಡು, ಮಧ್ಯಾಹ್ನ ಅನ್ನ, ರಾತ್ರಿ ಅನ್ನ, ಮೂರು ಚಮಚ ಸಕ್ಕರೆಯ ಟೀ ಐದು ಸಲ, ಟೀ ಜೊತೆಗೆ ಬಿಸ್ಕತ್ತು, ಜೇಬಿನಲ್ಲಿ ಪೆಪ್ಪರ್‌ಮಿಂಟು, ಅದರ ಮೇಲೆ ಕೆಲಸದ ಶರಬತ್ತು.

“ಶರಬತ್ತು ಉಗುಳ್ತೀರೋ, ನುಂಗ್ತೀರೋ?”

“ಉಗುಳೋಕೆ ಅದೇನು ಕಷಾಯವೇ?”

ಡಾಕ್ಟರು ಪೆನ್ನು ಕೆಳಗಿಟ್ಟರು. “ಇನ್ಮೇಲೆ ಉಗುಳಿ. ಉಳಿದದ್ದೆಲ್ಲ ಬಿಡಿ. ಮೊಟ್ಟೆ, ಮೀನು, ಕೋಳಿ, ಸೊಪ್ಪು, ಸೌತೆಕಾಯಿ, ಮೊಸರು. ಮಾತ್ರೆ ಒಂದು. ತೊಂಬತ್ತು ದಿನ ಬಿಟ್ಟು ಬನ್ನಿ. ಹೋದ ಸ್ಪರ್ಶ ಪೂರ್ತಿ ವಾಪಸ್ ಬರುತ್ತೆ ಅಂತ ನಾನು ಹೇಳಲ್ಲ. ಇರೋದು ಹೋಗ್ಬಾರದು.”

ಮೊದಲ ವಾರ ಅವಳಿಗೆ ತಲೆನೋವು, ಕಾಲಿನ ಸೆಳೆತ, ಸಿಡುಕು. ಮೂರನೇ ದಿನ ಗಂಡನ ಟೀ ಲೋಟದ ಮೇಲೆ ಕಣ್ಣು ನೆಟ್ಟು ಕೂತಿದ್ದಳು.

“ಹಾಗೆ ನೋಡ್ಬೇಡ, ಲೋಟ ಒಡೆಯುತ್ತೆ,” ಎಂದ ಅವನು.

“ನೀವು ಒಳಗೆ ಹೋಗಿ ಕುಡೀರಿ.”

“ಇದೇ ಒಳಗೆ. ಇದಕ್ಕಿಂತ ಒಳಗೆ ಹೋದ್ರೆ ಪಕ್ಕದ ಮನೆ.”

ಆಮೇಲಿನ ವಾರಗಳು ಮಂಜಿನಲ್ಲಿ ಕಳೆದಂತೆ ಕಳೆದವು. ಅವಳು ನಡೆಯುತ್ತಿದ್ದುದು ಅದೇ ಬೀದಿ: ಬೀಗ ರಿಪೇರಿಯವನ ಅಂಗಡಿ, ಔಷಧಿ ಅಂಗಡಿ, ಬೇಕರಿ, ಬಸ್ಸಿನ ತಿರುವು. ಆದರೆ ಬೀದಿ ಒಂದು ಗೇಣು ಮೇಲೆ ತೇಲುತ್ತಿದ್ದಂತೆ ಕಾಣುತ್ತಿತ್ತು. ಬೇಕರಿಯ ಮುಂದೆ ಗಾಳಿಯೇ ದಪ್ಪವಾಗಿ, ನೀರಿನೊಳಗೆ ನಡೆಯುವವಳಂತೆ ಕೈ ಬೀಸಿ ಬೀಸಿ ದಾಟುತ್ತಿದ್ದಳು. ನಿದ್ದೆಯಲ್ಲಿ ಸಕ್ಕರೆಯ ಬಯಲು ಕಾಣುತ್ತಿತ್ತು. ಬಿಳಿ, ಗದ್ದಲವಿಲ್ಲದ ಬಯಲು. ಅದರ ಮೇಲೆ ಅವಳ ಬರಿಗಾಲು. ಪ್ರತಿ ಕಾಳೂ ಅಂಗಾಲಿಗೆ ತಾಗುತ್ತಿತ್ತು. ಎಚ್ಚರವಾದಾಗ ಏನೂ ತಾಗುತ್ತಿರಲಿಲ್ಲ.

ಮೂವತ್ತೆಂಟನೇ ದಿನ ಈರುಳ್ಳಿ ಸಿಹಿಯಾಯಿತು. ಮೊಟ್ಟೆಯ ಜೊತೆ ಹುರಿದದ್ದನ್ನು ಬಾಯಿಗಿಟ್ಟವಳು ಅಗಿಯುವುದನ್ನು ನಿಲ್ಲಿಸಿ, “ಇದಕ್ಕೆ ಏನು ಹಾಕಿದ್ರಿ?” ಎಂದು ಗಂಡನನ್ನು ಕೇಳಿದಳು.

“ಉಪ್ಪು. ಇನ್ನೇನು ಹಾಕ್ತಾರೆ? ದಾರ ಹಾಕ್ಲಾ?”

ನಲವತ್ತನಾಲ್ಕನೇ ದಿನ ಹಾಲು. ಒಂದು ಗುಟುಕು ಕುಡಿದು ಲೋಟವನ್ನು ಬೆಳಕಿಗೆ ಹಿಡಿದು ನೋಡಿದಳು. ಹಾಲಿನೊಳಗೆ ದೂರದಲ್ಲಿ ಯಾರೋ ಹಾಡುತ್ತಿದ್ದಂತೆ ಒಂದು ಸಿಹಿ ಇತ್ತು. ಐವತ್ತೊಂದು ವರ್ಷ ಅದು ಅಲ್ಲೇ ಇದ್ದಿರಬೇಕು, ಅವಳಿಗೆ ಕೇಳಿಸಿರಲಿಲ್ಲ. ಆಮೇಲೆ ಒಂದೊಂದೇ ಬಂದವು. ಎಲೆಕೋಸಿನ ದಂಟು. ಬಾದಾಮಿ. ಸೌತೆಕಾಯಿಯ ತಿರುಳು. ಒಮ್ಮೆ ಮಳೆ ನಿಂತ ಮೇಲೆ ನಲ್ಲಿಯ ನೀರು. ಅವಳು ಈ ಪಟ್ಟಿಯನ್ನು ಯಾರಿಗೂ ಹೇಳಲಿಲ್ಲ. ಮಧ್ಯಾಹ್ನದ ಊಟದ ಹೊತ್ತಿಗೆ ರುಚಿಯ ಕೋಣೆಯ ಕಿಟಕಿಯ ಬಳಿ ಕೂತು, ಎರಡು ಎಳೆ ಸೊಪ್ಪನ್ನು ಹತ್ತು ನಿಮಿಷ ಅಗಿಯುತ್ತಿದ್ದಳು. ಹೊರಗೆ ಬಾಟಲಿ ತೊಳೆಯುವ ಯಂತ್ರದ ಹಬೆ ಬಿಸಿಲಿನಲ್ಲಿ ಮೇಲೇರುತ್ತಿತ್ತು.

ಆ ಕೋಣೆ ಅವಳದು. ಬಿಳಿ ಟೈಲ್ಸಿನ ಗೋಡೆ, ಒಂದು ನಲ್ಲಿ, ಒಂದು ಎತ್ತರದ ಸ್ಟೂಲು, ಹನ್ನೆರಡು ಚಮಚ. ಕಾರ್ಖಾನೆಯಲ್ಲಿ ನೂರಾ ಹತ್ತು ಜನರಿದ್ದರು. ಆ ಸ್ಟೂಲಿನ ಮೇಲೆ ಇಪ್ಪತ್ತೆರಡು ವರ್ಷಗಳಲ್ಲಿ ಬೇರೆ ಯಾರೂ ಕೂತಿರಲಿಲ್ಲ.

ಅರವತ್ತನೇ ದಿನದಿಂದ ಶರಬತ್ತಿನ ಸಿಹಿ ಅತಿಯಾಗತೊಡಗಿತು. ಹಣ್ಣು ಈ ಸಲ ಸಿಹಿ ಜಾಸ್ತಿ ಎಂದುಕೊಂಡು ಎರಡು ಬಕೆಟ್ ಎಂದಳು. ನಂತರದ ವಾರ ನಾಲ್ಕು. ಎಪ್ಪತ್ತೊಂದನೇ ದಿನ ಏಳು ಹಾಕಿದ ಮೇಲೆ ಒಂದು ಚಮಚ ನೋಡಿ, ಈಗ ಸರಿಯಾಯಿತು, ಈಗ ಕಿತ್ತಳೆಯ ಸಿಪ್ಪೆಯೂ ಎಲೆಯೂ ಕಾಣುತ್ತಿವೆ ಎಂದುಕೊಂಡು ಬೇಸಿನ್ನಿಗೆ ಉಗುಳಿದಳು. ಮರುದಿನವೂ ಏಳು. ಅದರ ಮರುದಿನವೂ ಏಳು.

ಬಾಟಲಿಗಳು ಇಪ್ಪತ್ತೊಂದು ದಿನ ಗೋದಾಮಿನಲ್ಲಿ ಕೂತು ಆಮೇಲೆ ಹೊರಡಬೇಕೆಂಬುದು ಅಲ್ಲಿನ ನಿಯಮ. ಎಂಬತ್ತೈದನೇ ದಿನ ಮಧ್ಯಾಹ್ನ ಮೂರು ಗಂಟೆಗೆ ಅಳತೆಯವಳು ರುಚಿಯ ಕೋಣೆಯ ಬಾಗಿಲಲ್ಲಿ ನಿಂತಳು. ಇಪ್ಪತ್ತೊಂಬತ್ತು ವರ್ಷದ, ಚುರುಕು ನಡಿಗೆಯ ಹೆಣ್ಣು. ಅಂದು ಮೆಲ್ಲಗೆ ಬಂದಿದ್ದಳು.

“ಅಕ್ಕಾ, ಸ್ವಲ್ಪ ಗೋದಾಮಿಗೆ ಬರ್ತೀರಾ? ಏನೋ ಕೇಳಿಸ್ತಿದೆ.”

ಗೋದಾಮು ಉದ್ದ, ತಂಪು. ಮೇಲಿನ ಗಾಜಿನ ಹಂಚುಗಳಿಂದ ಬೆಳಕಿನ ಕಂಬಗಳು ಇಳಿದು ಸಾಲು ಸಾಲು ಬಾಟಲಿಗಳ ಮೇಲೆ ನಿಂತಿದ್ದವು. ಕಿತ್ತಳೆ ಬಣ್ಣದ ಮಬ್ಬು ಬೆಳಕಿನಲ್ಲಿ ಇಬ್ಬರೂ ನಿಂತು ಕೇಳಿದರು. ಮೊದಲು ಏನೂ ಇಲ್ಲ. ಆಮೇಲೆ, ನಿದ್ದೆಯಲ್ಲಿರುವ ಮಗುವಿನ ತುಟಿ ಬಿಚ್ಚಿದಷ್ಟು ಸಣ್ಣ ಸದ್ದು. ಇನ್ನೊಂದು ಮೂಲೆಯಲ್ಲಿ ಇನ್ನೊಂದು. ನಂತರ ಸಾಲಿನುದ್ದಕ್ಕೂ ಪಿಸುಮಾತು. ಬಾಟಲಿಗಳ ಕೊರಳಿನಲ್ಲಿ ಸಾಸಿವೆಗಿಂತ ಸಣ್ಣ ಗುಳ್ಳೆಗಳು ಒಂದೊಂದಾಗಿ ಏಳುತ್ತಿದ್ದವು. ಚೆಂದವಾಗಿತ್ತು. ಅಷ್ಟರಲ್ಲಿ ಒಂದು ಮುಚ್ಚಳ ಠಪ್ಪೆಂದು ಹಾರಿ ಮೇಲಿನ ತೊಲೆಗೆ ಬಡಿಯಿತು.

ಅಳತೆಯವಳು ಆ ಬಾಟಲಿಯಿಂದ ಒಂದು ಹನಿ ತೆಗೆದು ಮಾಪಕದಲ್ಲಿ ನೋಡಿದಳು. “ಅರವತ್ತರ ಕೆಳಗಿದೆ,” ಎಂದಳು. ಸಕ್ಕರೆ ಸಾಕಷ್ಟು ಗಟ್ಟಿಯಾಗಿದ್ದರೆ ಮಾತ್ರ ಶರಬತ್ತು ಕೆಡದೆ ನಿಲ್ಲುತ್ತದೆ. ನೀರು ಮೀರಿದರೆ ಹುದುಗು ಬರುತ್ತದೆ. ಕಾರ್ಖಾನೆಯಲ್ಲಿ ಇದು ಗೊತ್ತಿಲ್ಲದವರು ಯಾರೂ ಇರಲಿಲ್ಲ.

“ನಾನು ಅರವತ್ತಾರು ಅಂತ ಬರೆದಿದ್ದೆ ಅಕ್ಕ. ನೀರಿಗೆ ಮುಂಚೆ.”

“ನಿನ್ನ ತಪ್ಪಲ್ಲ. ನೀರು ನಂದು.”

ಸಣ್ಣ ಧಣಿ ಬಂದರು. ಅವರಿಗೆ ಅರವತ್ತು ದಾಟಿತ್ತು. ತಂದೆ ದೊಡ್ಡ ಧಣಿ ಆಗಿದ್ದರಿಂದ ಇವರು ಸಣ್ಣವರಾಗಿಯೇ ಉಳಿದಿದ್ದರು. ಅವರು ಕೂಗಾಡಲಿಲ್ಲ. ಹುಳಿ ಬಂದವನ್ನು ಚೆಲ್ಲಿ, ಬಾರದವನ್ನು ಬಿಚ್ಚಿ ಮತ್ತೆ ಕುದಿಸಿ ಎಂದರು. ಎರಡು ಬಕೆಟ್ಟಿನ ದಿನಗಳ ಬಾಟಲಿಗಳು ಮಾತ್ರ ಹೊರಗೆ ಹೋಗಿದ್ದವು. ಲೆಕ್ಕದ ಪ್ರಕಾರ ಅವು ಅರವತ್ತನಾಲ್ಕು, ತಡೆಯುವಂಥವು. ಆಮೇಲೆ ಅವರು ಅಳತೆಯವಳಿಗೆ ಐದು ಲೋಟ ಮಾಡಲು ಹೇಳಿದರು. ಒಂದೊಂದಕ್ಕೂ ಬೇರೆ ಬೇರೆ ಸಕ್ಕರೆಯ ಅಂಶ. ಅಂಕಿಯ ಚೀಟಿ ಲೋಟದ ತಳಕ್ಕೆ.

ನಾಲಿಗೆಯಕ್ಕ ಸ್ಟೂಲಿನ ಮೇಲೆ ಕೂತು, ಒಂದೊಂದಾಗಿ ನೋಡಿ, ಉಗುಳಿ, ಲೋಟಗಳನ್ನು ಸಾಲಾಗಿ ಜೋಡಿಸಿದಳು. ಲೋಟ ಎತ್ತಿ ತಳ ನೋಡಿದರು. ಐವತ್ತೇಳು, ಅರವತ್ತು, ಅರವತ್ತೆರಡು, ಅರವತ್ತೈದು, ಅರವತ್ತೇಳು. ಒಂದೂ ತಪ್ಪಿರಲಿಲ್ಲ.

“ಇದ್ರಲ್ಲಿ ಸರಿ ಯಾವ್ದು?” ಕೇಳಿದರು ಧಣಿ.

ಅವಳು ಐವತ್ತೇಳನ್ನು ಮುಂದೆ ತಳ್ಳಿದಳು.

ತೊಟ್ಟಿಯಣ್ಣ ಅದರಿಂದ ಒಂದು ಗುಟುಕು ಕುಡಿದು ಮುಖ ಸಿಂಡರಿಸಿದ. “ಇದು ಕಿತ್ತಳೆ ತೊಳೆದ ನೀರು.” ಅವನೂ ಅಳತೆಯವಳೂ ಧಣಿಯೂ ಬೇರೆ ಬೇರೆಯಾಗಿ ಅರವತ್ತೈದನ್ನೇ ಎತ್ತಿಕೊಂಡರು.

ಧಣಿ ಉಳಿದವರನ್ನು ಕಳುಹಿಸಿ ಬಾಗಿಲು ಮುಂದೆ ಮಾಡಿದರು. “ನಿಮ್ಮ ನಾಲಿಗೆ ಮೊದಲಿಗಿಂತ ಚುರುಕಾಗಿದೆ. ಆದ್ರೆ ಜನರ ನಾಲಿಗೆ ಜೊತೆ ಇಲ್ಲ ಅದು. ಮುಂದಿನ ತಿಂಗಳಿಂದ ಬೇಸಿಗೆ ಸರಕು, ದಿನಕ್ಕೆ ಮೂರು ತೊಟ್ಟಿ. ನನಗೆ ಹಳೇ ನಾಲಿಗೆ ಬೇಕು.”

“ಹಳೇದು ಎಲ್ಲಿಂದ ತರ್ಲಿ ಧಣಿ?”

“ದಿನಕ್ಕೆ ಎರಡು ಬಿಸ್ಕತ್ತು. ಒಂದು ಸಕ್ಕರೆ ಟೀ. ಅಷ್ಟೇ. ಬೇಸಿಗೆ ಮುಗಿದ ಮೇಲೆ ಬೇಕಾದ್ರೆ ಹುಲ್ಲು ತಿನ್ನಿ, ನಾನು ಕೇಳಲ್ಲ. ಆಗಲ್ಲ ಅಂದ್ರೆ ಹೇಳಿ. ಈ ಕೋಣೆಗೆ ಬೇರೆಯವರನ್ನ ಕೂರಿಸ್ಬೇಕಾಗುತ್ತೆ. ಸೋಮವಾರ ಹೇಳಿ ಸಾಕು.”

ಅದು ಬುಧವಾರ. ಸೋಮವಾರಕ್ಕೆ ತೊಂಬತ್ತು ದಿನವಾಗುತ್ತಿತ್ತು. ಆಸ್ಪತ್ರೆಗೆ ಹೋಗಬೇಕಾದ ದಿನವೂ ಅದೇ.

ಗುರುವಾರ ಸಂಜೆ ಆರು ಗಂಟೆಗೆ ಅವಳು ಬೇಕರಿಯಿಂದ ಒಂದು ಪೊಟ್ಟಣ ಬಿಸ್ಕತ್ತು ತಂದು ಮೇಜಿನ ಮೇಲಿಟ್ಟಳು. ಹನ್ನೆರಡಿದ್ದವು. ಗಂಡ ಯಂತ್ರ ನಿಲ್ಲಿಸಿ ಬಂದ.

“ಏನಿದು?”

“ಕೆಲಸ.”

“ಕೆಲಸ ತಿನ್ನೋಕೆ ನನ್ನ ಅಪ್ಪಣೆ ಬೇಡ. ಆದ್ರೆ ನಿನ್ನ ರವಿಕೆಗಳನ್ನೆಲ್ಲ ಎರಡೂವರೆ ಇಂಚು ಒಳಗೆ ಹಿಡಿದಿದ್ದೀನಿ. ಮತ್ತೆ ಬಿಚ್ಚೋನಲ್ಲ.”

“ಎರಡೇ ತಿನ್ನೋದು ರೀ. ಧಣಿ ಎರಡು ಅಂದಿದ್ದಾರೆ.”

ಗಿರಾಕಿ ಬಂದು ಅವನು ಮುಂದಿನ ಕೋಣೆಗೆ ಹೋದ. ಅವಳು ಒಂದನ್ನು ಕಚ್ಚಿದಳು. ಮನೆಯ ಎಲ್ಲ ದೀಪಗಳನ್ನೂ ಒಟ್ಟಿಗೆ ಹಚ್ಚಿದಂತಾಯಿತು. ಗೋಡೆ, ಮೇಜು, ಕಿಟಕಿಯಾಚೆಯ ಸಂಜೆ ಎಲ್ಲ ಬೆಳಗಿ, ಬೆಳಕಿನಲ್ಲಿ ಅಳಿಸಿಹೋದವು. ಹಳೆಯ ಊರಿಗೆ ರೈಲಿನಲ್ಲಿ ಮರಳುತ್ತಿದ್ದಂತೆ ಒಂದೊಂದೇ ಗುರುತು ಹಾದುಹೋಯಿತು: ಶಾಲೆಯ ಬಿಡುವು, ಮದುವೆಯ ದಿನದ ಬಾಯಿಸಿಹಿ, ಮೊದಲ ಸಂಬಳದ ಕೇಕು. ಬೆಚ್ಚಗಿತ್ತು. ಯಾರೂ ಏನನ್ನೂ ಕೇಳುತ್ತಿರಲಿಲ್ಲ. ಮುಂದಿನ ಕೋಣೆಯಲ್ಲಿ ಗಂಡ “ತೋಳು ಇಪ್ಪತ್ತಮೂರು” ಎಂದದ್ದು ಎಲ್ಲೋ ದೂರದಿಂದ ಬಂತು.

ಅವನು ವಾಪಸು ಬಂದಾಗ ಪೊಟ್ಟಣದಲ್ಲಿ ಮೂರು ಬಿಸ್ಕತ್ತು ಉಳಿದಿದ್ದವು.

ಅವಳು ಅವನ್ನು ಎಣಿಸಿದಳು. ಇನ್ನೊಮ್ಮೆ ಎಣಿಸಿದಳು. “ಒಂಬತ್ತು ತಿಂದಿದ್ದೀನಿ,” ಎಂದಳು, ಬೇರೆ ಯಾರದೋ ಸುದ್ದಿ ಹೇಳುವ ದನಿಯಲ್ಲಿ. “ಎರಡಕ್ಕೆ ನಿಲ್ಲಿಸ್ಬೇಕು ಅಂತ ಇತ್ತು. ಎರಡನೇದು ಯಾವಾಗ ಆಯ್ತೋ ಗೊತ್ತೇ ಆಗ್ಲಿಲ್ಲ.”

ಗಂಡ ಉಳಿದ ಮೂರನ್ನು ಒಂದೇ ಸಲಕ್ಕೆ ಬಾಯಿಗೆ ಹಾಕಿಕೊಂಡ. ಮಾತಾಡಲು ಅವನಿಗೆ ಸ್ವಲ್ಪ ಹೊತ್ತು ಹಿಡಿಯಿತು. “ಈಗ ಇಲ್ಲ,” ಎಂದ.

ಮರುದಿನ ಬೆಳಿಗ್ಗೆ ಅವಳು ಹಾಲು ಕುಡಿದಳು. ಬರಿಯ ಹಾಲು. ಬೆಳಕಿಗೆ ಹಿಡಿದರೂ ಅಷ್ಟೇ. ಮಧ್ಯಾಹ್ನ ಈರುಳ್ಳಿ ಕಚ್ಚಿದಳು, ಖಾರ. ಅವಳು ಅಡಿಗೆಮನೆಯಲ್ಲಿ ಲೋಟ ಹಿಡಿದು ನಿಂತೇ ಇದ್ದಳು, ಮನೆ ಖಾಲಿ ಮಾಡಿ ಹೋದವರನ್ನು ಬಾಗಿಲಲ್ಲಿ ನಿಂತು ಕರೆಯುವವಳಂತೆ. ಆ ದಿನ ಅವಳು ರಜೆ ಹಾಕಿದ್ದಳು. ಶನಿವಾರವೂ ಹಾಕಿದಳು. ಮೊಟ್ಟೆ, ಸೊಪ್ಪು, ಮೀನು. ಭಾನುವಾರ ಸಂಜೆ ಹೊತ್ತಿಗೆ ಸೌತೆಕಾಯಿಯ ತಿರುಳಿನಲ್ಲಿ ಏನೋ ಇದೆ ಅನ್ನಿಸಿತು. ಇತ್ತೋ, ಇರಲಿ ಎಂದು ಅನ್ನಿಸಿತೋ, ಅವಳಿಗೆ ಖಚಿತವಿರಲಿಲ್ಲ.

ಸೋಮವಾರ ಎಂಟೂವರೆಗೆ ಡಾಕ್ಟರು ವರದಿ ಓದಿದರು. ಆರು ಪಾಯಿಂಟ್ ಆರು. ನೈಲಾನ್ ಎಳೆ ಮುಟ್ಟಿಸಿದರು. ಅವಳು ಏಳು ಸಲ ಹೂಂ ಎಂದಳು.

“ಒಂದು ಜಾಸ್ತಿ,” ಎಂದಳು.

“ಒಂದು ಅಂದ್ರೆ ದೊಡ್ಡ ವಿಷಯ ಅಲ್ಲ. ಕೆಲವು ದಿನ ಹೀಗೂ ಬರುತ್ತೆ,” ಎಂದರು ಡಾಕ್ಟರು. “ಕಮ್ಮಿ ಆಗಿಲ್ಲ ಅನ್ನೋದು ಮುಖ್ಯ.”

“ನಡುವೆ ಒಂಬತ್ತು ಬಿಸ್ಕತ್ತು ತಿಂದೆ.”

“ಮೂರು ತಿಂಗಳಲ್ಲಿ ಒಂಬತ್ತಾ?”

“ಒಂದೇ ಸಲಕ್ಕೆ.”

ಡಾಕ್ಟರು ವರದಿಯನ್ನು ಮಡಿಸಿದರು. “ಹಾಗಿದ್ರೆ ನಿಮಗೆ ಎರಡು ಅನ್ನೋದು ಇಲ್ಲ. ಸೊನ್ನೆ ಇದೆ, ಇಲ್ಲಾ ಒಂಬತ್ತಿದೆ.”

ಕಾರ್ಖಾನೆಗೆ ಅವಳು ನಡೆದೇ ಹೋದಳು. ಬೆಳಗಿನ ಬಿಸಿಲಿನಲ್ಲಿ ಬೀದಿ ತೊಳೆದಿಟ್ಟ ಗಾಜಿನಂತಿತ್ತು. ಬೀಗದವನ ಸುತ್ತಿಗೆಯ ಸದ್ದು ಒಂದೊಂದಾಗಿ ಬಂದು ಕಿವಿಯ ಪಕ್ಕ ನಿಲ್ಲುತ್ತಿತ್ತು. ಬೇಕರಿಯ ಮುಂದೆ ವೇಗ ಹೆಚ್ಚಿಸಲೂ ಇಲ್ಲ, ತಗ್ಗಿಸಲೂ ಇಲ್ಲ.

ಧಣಿ ರುಚಿಯ ಕೋಣೆಯಲ್ಲೇ ಕಾಯುತ್ತಿದ್ದರು, ನಿಂತುಕೊಂಡು. ಸ್ಟೂಲು ಖಾಲಿ ಇತ್ತು.

“ಆಗಲ್ಲ ಧಣಿ,” ಎಂದಳು.

“ಎರಡೇ ಬಿಸ್ಕತ್ತು.”

“ತಿಂದು ನೋಡಿದೆ. ನನ್ನ ಕೈಲಿ ಎರಡು ಆಗಲ್ಲ, ಒಂಬತ್ತಾಗುತ್ತೆ. ಒಂಬತ್ತಾದ್ರೆ ನಿಮ್ಮ ನಾಲಿಗೆ ಬರುತ್ತೆ, ನನ್ನ ಕಾಲು ಹೋಗುತ್ತೆ.”

“ಇಪ್ಪತ್ತೆರಡು ವರ್ಷ ಆಯ್ತಲ್ಲ ಅಕ್ಕ.” ಧಣಿ ಅವಳನ್ನು ಅಕ್ಕ ಎಂದದ್ದು ಅದೇ ಮೊದಲು, ಅವಳಿಗಿಂತ ಹತ್ತು ವರ್ಷ ದೊಡ್ಡವರು ಅವರು.

“ಆಯ್ತು,” ಎಂದಳು ಅವಳು. “ಒಂದು ಮಾತು. ಯಾರನ್ನ ಕೂರಿಸ್ತೀರೋ ಕೂರಿಸಿ. ಅಳತೆ ಮಾತ್ರ ನೀರು ಹಾಕಿದ ಮೇಲೆ ಮಾಡ್ಸಿ. ನಾಲಿಗೆ ಬದಲಾಗುತ್ತೆ, ಬದಲಾದದ್ದು ನಾಲಿಗೆಗೇ ಗೊತ್ತಾಗಲ್ಲ.”

ಅವಳು ಏಪ್ರನ್ ಬಿಚ್ಚಿ ಮಡಿಸಿದಳು. ಚಮಚಗಳನ್ನು ತೊಳೆದು ಒರೆಸಿ ಸಾಲಾಗಿ ಇಟ್ಟಳು. ಕಿಟಕಿಯಾಚೆ ಹಬೆ ಏರುತ್ತಲೇ ಇತ್ತು. ಅದು ಪೂರ್ತಿ ಚದುರುವವರೆಗೆ ನೋಡಿದಳು, ಇನ್ನೊಂದು ಎದ್ದಿತು, ಅದನ್ನೂ ನೋಡಿ ಹೊರಬಂದಳು.

ಮಂಗಳವಾರದಿಂದ ಆ ಸ್ಟೂಲಿನ ಮೇಲೆ ಅಳತೆಯವಳು ಕೂತಳು. ನಾಲಿಗೆಯಕ್ಕನನ್ನು ಹಣ್ಣು ಇಳಿಸುವ ಕಟ್ಟೆಗೆ ಹಾಕಿದರು. ಅಲ್ಲಿ ಪ್ರತಿ ಬುಟ್ಟಿಯಿಂದ ಒಂದು ಕಿತ್ತಳೆ ಸುಲಿದು, ಒಂದು ತೊಳೆಯ ತುದಿ ಕಚ್ಚಿ ಉಗುಳುವುದು ಅವಳ ಕೆಲಸ. ಮೊದಲ ದಿನ ನಲವತ್ತು ಬುಟ್ಟಿ ಬಂದವು. ಅವುಗಳಲ್ಲಿ ಮೂರನ್ನು ಅವಳು ವಾಪಸು ಕಳುಹಿಸಿದಳು.